ಚಾಕೊಲೇಟ್ ಮೆತ್ತದ ಆ ತುದಿ: ಪೊಕ್ಕಿ–ಪೆಪೆರೊ ಪ್ರಕರಣ

ಜಪಾನಿನ ಪೊಕ್ಕಿ, ಕೊರಿಯಾದ ಪೆಪೆರೊ. ಎರಡನ್ನೂ ಪೊಟ್ಟಣದಿಂದ ತೆಗೆದು ಒಂದೇ ತಟ್ಟೆಯಲ್ಲಿಟ್ಟರೆ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಎರಡೂ ತೆಳ್ಳಗಿನ, ಉದ್ದನೆಯ ಬಿಸ್ಕತ್ತು ಕಡ್ಡಿಗಳು. ಎರಡಕ್ಕೂ ಬಹುಪಾಲು ಚಾಕೊಲೇಟ್ ಮೆತ್ತಿರುತ್ತದೆ. ಒಂದು ತುದಿ ಮಾತ್ರ ಬರಿದಾಗಿರುತ್ತದೆ, ಬೆರಳಲ್ಲಿ ಹಿಡಿಯೋಕೆ. ಹೀಗೆ ಒಂದೇ ಥರ ಇರುವುದು ಸರಿಯಾ ಅಂತ ಈ ಎರಡು ಕಂಪನಿಗಳು ಅಮೆರಿಕದ ಕೋರ್ಟುಗಳಲ್ಲಿ 2015ರಿಂದ 2021ರವರೆಗೆ ಗುದ್ದಾಡಿದವು.

ಯಾವುದು ಜಾಸ್ತಿ ರುಚಿ ಅನ್ನುವ ವಾದ ಇದ್ದದ್ದೇ, ಅದಕ್ಕೂ ಬರುತ್ತೇನೆ. ಆದರೆ ಈ ಎರಡು ಬ್ರ್ಯಾಂಡ್‌ಗಳನ್ನು ಹೋಲಿಸಬೇಕಾದರೆ ಮೊದಲು ಈ ಕೇಸನ್ನು ನೋಡಬೇಕು ಅಂತ ನನ್ನ ಅನಿಸಿಕೆ. ಇವು ಯಾವುದರಲ್ಲಿ ಪೈಪೋಟಿ ಮಾಡಬಹುದು, ಯಾವುದರಲ್ಲಿ ಮಾಡಲಾಗದು ಅನ್ನುವುದು ಅಲ್ಲಿ ತೀರ್ಮಾನವಾಯಿತು. ಪೊಕ್ಕಿ ಸೋತಿತು. ಸೋತಿದ್ದು ಯಾಕೆ ಅಂದರೆ, ಅದರ ಆಕಾರ ಅಷ್ಟು ಚೆನ್ನಾಗಿ ಕೆಲಸಕ್ಕೆ ಬರುತ್ತಿತ್ತು!

ಹಿಡಿಕೆ ಬಂದ ಕಥೆ

ಪೊಕ್ಕಿ ಮಾಡುವುದು ಒಸಾಕಾದ ಎಜಾಕಿ ಗ್ಲಿಕೊ. 1922ರಲ್ಲಿ ಕ್ಯಾರಮೆಲ್ ಮಾರುತ್ತಾ ಶುರುವಾದ ಕಂಪನಿ. ಒಸಾಕಾದ ದೋತೋಂಬೊರಿಯಲ್ಲಿ ಎರಡೂ ಕೈ ಮೇಲೆತ್ತಿ ಓಡುವ ಆಟಗಾರನ ದೊಡ್ಡ ಬೋರ್ಡ್ ಇದೆಯಲ್ಲ, ಪ್ರವಾಸಿಗರೆಲ್ಲ ಅದರ ಮುಂದೆ ಅದೇ ಭಂಗಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಅದು ಇವರದೇ.

1960ರ ದಶಕದ ಶುರುವಿನಲ್ಲಿ ಗ್ಲಿಕೊ ಪ್ರೆಟ್ಜ್ ಅನ್ನುವ ಬರೀ ಬಿಸ್ಕತ್ತು ಕಡ್ಡಿ ತಂದಿತ್ತು. ಅದಕ್ಕೆ ಚಾಕೊಲೇಟ್ ಹಾಕಿದರೆ ಹೇಗೆ ಅನ್ನುವ ಯೋಚನೆ ಬಂತು. ಮೊದಲು ಕಡ್ಡಿಗೆ ಪೂರ್ತಿ ಚಾಕೊಲೇಟ್ ಮೆತ್ತಿ ನೋಡಿದರು. ತಿನ್ನುವವರ ಬೆರಳೆಲ್ಲ ಅಂಟಂಟು. ಒಂದೊಂದು ಕಡ್ಡಿಯನ್ನೂ ಬೆಳ್ಳಿ ಕಾಗದದಲ್ಲಿ ಸುತ್ತಿ ಕೊಡೋಣ ಅಂದುಕೊಂಡರು. ಕೊನೆಗೆ ಹೊಳೆದ ಉಪಾಯ ಇಷ್ಟೇ: ಒಂದು ತುದಿಗೆ ಚಾಕೊಲೇಟ್ ಹಾಕುವುದೇ ಬೇಡ. ಒಸಾಕಾದಲ್ಲಿ ಕಡ್ಡಿಗೆ ಚುಚ್ಚಿ ಕರಿದು ಕೊಡುವ ಕುಶಿಕಾತ್ಸು ನೋಡಿ ಇದು ಹೊಳೆಯಿತು ಅಂತ ಕಂಪನಿಯೇ ಹೇಳಿಕೊಂಡಿದೆ. 1966ರಲ್ಲಿ ಪೊಕ್ಕಿ ಮಾರುಕಟ್ಟೆಗೆ ಬಂತು. 1970ರ ದಶಕದಲ್ಲಿ ಬಾದಾಮಿಯದು, ಸ್ಟ್ರಾಬೆರಿಯದು ಬಂದವು. 1978ರಲ್ಲಿ ಅಮೆರಿಕದಲ್ಲೂ ಮಾರಾಟ ಶುರುವಾಯಿತು.

ಒಂದು ವಿಷಯ ಗಮನಿಸಿ. ಬರಿ ತುದಿಯನ್ನು ಚೆಂದಕ್ಕಾಗಿ ಬಿಟ್ಟದ್ದಲ್ಲ, ಕೈ ಕೊಳೆಯಾಗದಿರಲಿ ಅಂತ ಬಿಟ್ಟದ್ದು. ಕಂಪನಿ ಇದನ್ನು ಮುಚ್ಚಿಟ್ಟಿರಲೂ ಇಲ್ಲ, ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು. ಕೋರ್ಟಿನಲ್ಲಿ ಮುಳುವಾದದ್ದು ಈ ಹೆಮ್ಮೆಯೇ.

ಲೋಟೆ ಬಂತು

ಲೋಟೆಯ ಕಥೆ ಸ್ವಲ್ಪ ಗೋಜಲು. ಕೊರಿಯಾ ಮೂಲದ ಶಿನ್ ಕ್ಯೂಕ್‌-ಹೋ ಅದನ್ನು 1948ರಲ್ಲಿ ಟೋಕಿಯೋದಲ್ಲಿ ಶುರು ಮಾಡಿದರು. 1967ರಲ್ಲಿ ಕೊರಿಯಾದಲ್ಲೂ ಲೋಟೆ ಸಿಹಿತಿಂಡಿ ಕಂಪನಿ ತೆರೆದರು. ಹಾಗಾಗಿ ಜಪಾನಿನ ಲೋಟೆ ಬೇರೆ, ಕೊರಿಯಾದ ಲೋಟೆ ಬೇರೆ, ಮನೆತನ ಒಂದೇ. ಪೆಪೆರೊ ತಂದದ್ದು ಕೊರಿಯಾದ ಲೋಟೆ, 1983ರಲ್ಲಿ. ಪೊಕ್ಕಿ ಬಂದು ಅಷ್ಟರಲ್ಲಿ 17 ವರ್ಷ ಆಗಿತ್ತು. ಪೆಪೆರೊ ನೋಡಿದವರಿಗೆ ಪೊಕ್ಕಿ ನೆನಪಾಗದೆ ಇರುತ್ತಿತ್ತಾ? ಇಲ್ಲ. ನಕಲು ಅಂತ ಕರೆಯಲು ನನಗೇನೂ ಹಿಂಜರಿಕೆ ಇಲ್ಲ. ಆದರೆ ನಕಲು ಮಾಡಿದ ಮಾತ್ರಕ್ಕೆ ಕಾನೂನು ಮುರಿದಂತಾಗುವುದಿಲ್ಲ. ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ.

ಪೆಪೆರೊ ಅಮೆರಿಕಕ್ಕೂ ಹೋಯಿತು. ಅಲ್ಲಿ ಗ್ಲಿಕೊ ತನ್ನ ಕಡ್ಡಿಯ ರೂಪಕ್ಕೆ ಎರಡು ನೋಂದಣಿ ಮಾಡಿಸಿಕೊಂಡಿತ್ತು. ಒಂದು ಅರೆಬರೆ ಚಾಕೊಲೇಟ್ ಮೆತ್ತಿದ ಉದ್ದ ಕಡ್ಡಿಗೆ, ಇನ್ನೊಂದು ಬಾದಾಮಿ ಚೂರು ಅಂಟಿಸಿದ ಕಡ್ಡಿಗೆ. ಇದನ್ನೇ ಅವರು ಟ್ರೇಡ್ ಡ್ರೆಸ್ ಅನ್ನುತ್ತಾರೆ. ಹೆಸರು, ಲೋಗೊ ಬಿಟ್ಟು, ವಸ್ತುವಿನ ರೂಪ ನೋಡಿದ ಕೂಡಲೇ ಗಿರಾಕಿಗೆ ಇಂಥ ಕಂಪನಿಯದು ಅಂತ ಗೊತ್ತಾದರೆ ಆ ರೂಪಕ್ಕೂ ರಕ್ಷಣೆ ಸಿಗುತ್ತದೆ.

1993ರಿಂದ 1995ರ ನಡುವೆ ಗ್ಲಿಕೊ ಲೋಟೆಗೆ ಪತ್ರಗಳನ್ನು ಬರೆಯಿತು. ನಮ್ಮ ನೋಂದಣಿ ಇದೆ, ಪೆಪೆರೊ ಮಾರಬೇಡಿ ಅಂತ. ವ್ಯಾಜ್ಯ ಬಗೆಹರಿಯುವವರೆಗೆ ಮಾರುವುದಿಲ್ಲ ಅಂತ ಲೋಟೆ ಒಪ್ಪಿತು. ಆಮೇಲೆ ಮತ್ತೆ ಮಾರಲು ಶುರು ಮಾಡಿತು. ಗ್ಲಿಕೊ ಸುಮ್ನೆ ಇತ್ತು. ಸುಮಾರು ಎರಡು ದಶಕ! 2015ರಲ್ಲಿ ಎದ್ದು ಬಂದು ನ್ಯೂಜೆರ್ಸಿಯ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿತು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಅನ್ನುವ ಪ್ರಶ್ನೆಯಲ್ಲೇ ಕೇಸು ಬಿದ್ದುಹೋಗಬಹುದಿತ್ತು. ಮೇಲಿನ ಕೋರ್ಟು ಆ ಪ್ರಶ್ನೆಯವರೆಗೆ ಹೋಗಲೇ ಇಲ್ಲ, ಅದರ ಅಗತ್ಯ ಬೀಳಲಿಲ್ಲ.

ಜಾಹೀರಾತೇ ಸಾಕ್ಷಿ

ಟ್ರೇಡ್‌ಮಾರ್ಕ್ ಮತ್ತು ಪೇಟೆಂಟ್ ಎರಡರ ನಡುವೆ ಕಾನೂನು ಒಂದು ಗೋಡೆ ಕಟ್ಟಿದೆ. ಉಪಯೋಗಕ್ಕೆ ಬರುವ ಹೊಸ ಉಪಾಯ ಕಂಡುಹಿಡಿದರೆ ಪೇಟೆಂಟ್ ತೆಗೆದುಕೊಳ್ಳಿ. ಅದಕ್ಕೆ ಅವಧಿ ಇರುತ್ತದೆ, ಮುಗಿದ ಮೇಲೆ ಯಾರು ಬೇಕಾದರೂ ಬಳಸಬಹುದು. ಟ್ರೇಡ್‌ಮಾರ್ಕ್‌ಗೆ ಅಂಥ ಕೊನೆ ಇಲ್ಲ, ನವೀಕರಿಸುತ್ತಾ ಹೋದರೆ ನೂರಾರು ವರ್ಷ ಇಟ್ಟುಕೊಳ್ಳಬಹುದು. ಹಾಗಾಗಿ ಉಪಯೋಗದ ಆಕಾರವನ್ನು ಟ್ರೇಡ್‌ಮಾರ್ಕ್ ಹೆಸರಲ್ಲಿ ಹಿಡಿದಿಟ್ಟುಕೊಳ್ಳಲು ಬಿಟ್ಟರೆ ಅದು ಹಿಂಬಾಗಿಲಿನಿಂದ ಸಿಕ್ಕ ಅನಂತ ಪೇಟೆಂಟ್ ಆಗುತ್ತದೆ. ಐಸ್ ಕ್ಯಾಂಡಿಗೆ ಕಡ್ಡಿ ಚುಚ್ಚುವ ಹಕ್ಕು ಶಾಶ್ವತವಾಗಿ ಒಬ್ಬರದೇ ಅಂದರೆ ನಮ್ಮ ಊರ ಸೈಕಲ್ ಐಸ್‌ನವನ ಗತಿ ಏನು?

ಬಿಸ್ಕತ್ತು ಲೋಕಕ್ಕೆ ಈ ಪಾಠ ಹೊಸದೂ ಅಲ್ಲ. 1938ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೆಲಾಗ್ ಮತ್ತು ನ್ಯಾಷನಲ್ ಬಿಸ್ಕತ್ತು ಕಂಪನಿಗಳ ಜಗಳದಲ್ಲಿ ಇದನ್ನೇ ಹೇಳಿತ್ತು. ಗೋಧಿ ಎಳೆಗಳನ್ನು ದಿಂಬಿನ ಆಕಾರಕ್ಕೆ ಮಡಿಸಿದ ಬೆಳಗಿನ ತಿಂಡಿ ಅದು. ಪೇಟೆಂಟ್ ಮುಗಿದಿತ್ತು. ಆ ಆಕಾರ ಬಿಟ್ಟರೆ ಖರ್ಚು ಏರುತ್ತದೆ, ಗುಣಮಟ್ಟ ಇಳಿಯುತ್ತದೆ. ಹಾಗಾಗಿ ದಿಂಬಿನ ಆಕಾರ ಎಲ್ಲರಿಗೂ ಮುಕ್ತ ಅಂತ ತೀರ್ಪಾಯಿತು.

ಗ್ಲಿಕೊ ಕೇಸಿನಲ್ಲಿ 2019ರಲ್ಲಿ ನ್ಯೂಜೆರ್ಸಿ ಕೋರ್ಟು ವಿಚಾರಣೆಗೆ ಮುಂಚೆಯೇ ಲೋಟೆಯ ಪರ ತೀರ್ಪು ಕೊಟ್ಟಿತು. ಗ್ಲಿಕೊ ಫಿಲಡೆಲ್ಫಿಯಾದ ಮೇಲ್ಮನವಿ ಕೋರ್ಟಿಗೆ ಹೋಯಿತು. 2020ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ಸ್ಟೆಫಾನೊಸ್ ಬಿಬಾಸ್ ಬರೆದ ತೀರ್ಪು ಬಂತು. ಓದಲು ಬಹಳ ಸಲೀಸಾದ ತೀರ್ಪು. ಕಡ್ಡಿಯ ಒಂದೊಂದು ಅಂಶವನ್ನೂ ತೆಗೆದುಕೊಂಡು ಇದು ಯಾಕಿದೆ ಅಂತ ಕೇಳುತ್ತದೆ. ತುದಿ ಬರಿದಾಗಿ ಯಾಕಿದೆ? ಕೈಗೆ ಚಾಕೊಲೇಟ್ ಅಂಟದಿರಲಿ ಅಂತ. ಕಡ್ಡಿ ತೆಳ್ಳಗೆ ಯಾಕಿದೆ? ಬಾಯಿ ದೊಡ್ಡದಾಗಿ ತೆರೆಯದೆ ತಿನ್ನಬಹುದು ಅಂತ. ಉದ್ದ, ಸಪೂರ ಯಾಕೆ? ಒಂದು ಪೊಟ್ಟಣದಲ್ಲಿ ತುಂಬಾ ಹಿಡಿಸುತ್ತದೆ, ನಾಲ್ಕು ಜನಕ್ಕೆ ಹಂಚಬಹುದು ಅಂತ.

ಈ ಉತ್ತರಗಳನ್ನು ಲೋಟೆಯ ವಕೀಲರು ಕಷ್ಟಪಟ್ಟು ಹುಡುಕಬೇಕಾಗಿರಲಿಲ್ಲ. ಗ್ಲಿಕೊದ ಸ್ವಂತ ಜಾಹೀರಾತು ಮತ್ತು ಪ್ರಚಾರದ ಬರಹಗಳಲ್ಲೇ ಇದ್ದವು. ಕೈ ಕೊಳೆಯಾಗದ ಹಿಡಿಕೆ, ಎಲ್ಲಿ ಬೇಕಾದರೂ ಆರಾಮಾಗಿ ತಿನ್ನಬಹುದು, ಒಂದು ಪೊಟ್ಟಣದಲ್ಲಿ ಹಂಚಿಕೊಳ್ಳುವಷ್ಟು ಇದೆ, ಹೀಗೆ. ಗಿರಾಕಿಗೆ ಅಷ್ಟು ವರ್ಷ ಹೇಳಿದ್ದನ್ನು ಕೋರ್ಟಿನಲ್ಲಿ ಬಂದು ಅಲ್ಲ ಅನ್ನಲು ಆಗುತ್ತದಾ?

ಗ್ಲಿಕೊದ ವಾದವೂ ತೆಗೆದುಹಾಕುವಂಥದ್ದಾಗಿರಲಿಲ್ಲ. ಉಪಯುಕ್ತ ಅಂದರೆ ಸಾಲದು, ಅನಿವಾರ್ಯ ಆಗಿರಬೇಕು ಅಂತ ಅವರು ವಾದಿಸಿದರು. ಚಾಕೊಲೇಟ್ ಅರ್ಧಂಬರ್ಧ ಮೆತ್ತಿದ ಒಂಬತ್ತು ಬೇರೆ ತಿಂಡಿಗಳನ್ನು ತೋರಿಸಿದರು. ನೋಡಿ, ಪೊಕ್ಕಿಯ ಹಾಗೆ ಕಾಣದೆಯೇ ಇವರೆಲ್ಲ ಮಾರುತ್ತಿದ್ದಾರಲ್ಲ, ಲೋಟೆಗೆ ಮಾತ್ರ ಏನು ಕಷ್ಟ ಅಂತ. ಕೋರ್ಟು ಒಪ್ಪಲಿಲ್ಲ. ಬೇರೆ ದಾರಿ ಇದೆ ಅಂದ ಮಾತ್ರಕ್ಕೆ ಈ ದಾರಿಯ ಉಪಯೋಗ ಇಲ್ಲವಾಗುವುದಿಲ್ಲ ಅಂದಿತು.

ಈ ಒಂಬತ್ತು ತಿಂಡಿಗಳಿಗಿಂತ ನನಗೆ ನೆನಪಾಗುವುದು ತೊಪ್ಪೊ. ಜಪಾನಿನ ಲೋಟೆ 1994ರಲ್ಲಿ ತಂದದ್ದು. ಅದರಲ್ಲಿ ಬಿಸ್ಕತ್ತು ಕೊಳವೆಯ ಹಾಗೆ ಹೊರಗೆ, ಚಾಕೊಲೇಟ್ ಒಳಗೆ, ಈ ತುದಿಯಿಂದ ಆ ತುದಿಯವರೆಗೆ. ಹಿಡಿಕೆಯೇ ಬೇಡ, ಕೈಯೂ ಅಂಟುವುದಿಲ್ಲ. ಅಂದರೆ ಗ್ಲಿಕೊದ ತವರಿನಲ್ಲಿ ಅದೇ ಮನೆತನದ ಕಂಪನಿ ಬೇರೆ ದಾರಿ ಕಂಡುಕೊಂಡಿತ್ತು. ತಿನ್ನಲೂ ತೊಪ್ಪೊ ಬೇರೆಯೇ. ಮೊದಲು ಬಿಸ್ಕತ್ತು ಮುರಿಯುತ್ತದೆ, ಆಮೇಲೆ ಚಾಕೊಲೇಟ್ ಬಾಯಿಗೆ ಬರುತ್ತದೆ.

ತೀರ್ಪಿನಲ್ಲಿ ಒಂದು ಮಾತು ಹಲವರಿಗೆ ಚುಚ್ಚಿತು. ಉಪಯುಕ್ತವಾಗಿದ್ದರೆ ಸಾಕು, ರಕ್ಷಣೆ ಇಲ್ಲ ಅನ್ನುವುದು. ಹಾಗಂತ ಹೋದರೆ ಜಗತ್ತಿನಲ್ಲಿ ಯಾವ ವಸ್ತುವಿನ ಆಕಾರಕ್ಕೆ ತಾನೇ ಒಂದಿಷ್ಟಾದರೂ ಉಪಯೋಗ ಇರುವುದಿಲ್ಲ? ಗ್ಲಿಕೊ ಮರುಪರಿಶೀಲನೆ ಕೇಳಿತು. 2021ರ ಜನವರಿಯಲ್ಲಿ ಅದೇ ಪೀಠ ತೀರ್ಪನ್ನು ತಿದ್ದಿ ಬರೆಯಿತು. ಫಲಿತಾಂಶ ಬದಲಾಗಲಿಲ್ಲ, ವಿವರಣೆ ಸೇರಿತು. ಕಾಫಿ ಪಾತ್ರೆಗೆ ಹಿಡಿ ಬೇಕು, ಆದರೆ ಅದು ಇಂಥದೇ ಬಾಗು ಹೊಂದಿರಬೇಕು ಅಂತೇನಿಲ್ಲ. ಕುರ್ಚಿಗೆ ಕೈಯೂರಲು ಜಾಗ ಬೇಕು, ಅದು ಇಂಥದೇ ಚತುರ್ಭುಜ ಆಗಬೇಕಿಲ್ಲ. ಅಂದರೆ ಕೇಳಬೇಕಾದ್ದು ವಸ್ತು ಉಪಯುಕ್ತವಾ ಅಂತಲ್ಲ, ಅದಕ್ಕೆ ಕೊಟ್ಟ ನಿರ್ದಿಷ್ಟ ರೂಪ ಉಪಯುಕ್ತವಾ ಅಂತ. ಪೊಕ್ಕಿಯಲ್ಲಿ ರೂಪವೇ ಉಪಯೋಗ. ಕೆತ್ತನೆ ಇಲ್ಲ, ಚಿತ್ತಾರ ಇಲ್ಲ, ಸುಮ್ಮನೆ ಚೆಂದಕ್ಕೆ ಅಂತ ಏನೂ ಇಲ್ಲ.

ನನಗೆ ಈ ತಿದ್ದುಪಡಿ ಸರಿ ಅನಿಸುತ್ತದೆ. ಮೊದಲ ತೀರ್ಪಿನ ಮಾತು ತುಸು ಅಗಲವಾಗಿತ್ತು. 2021ರ ನವೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗ್ಲಿಕೊದ ಅರ್ಜಿಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅಲ್ಲಿಗೆ ಅಮೆರಿಕದ ಮಟ್ಟಿಗೆ ಕೇಸು ಮುಗಿಯಿತು.

ಇನ್ನೊಂದು ಸ್ವಾರಸ್ಯ. ಗ್ಲಿಕೊಗೆ ಕಡ್ಡಿ ತಯಾರಿಸುವ ವಿಧಾನದ ಮೇಲೆ ಒಂದು ಅಮೆರಿಕನ್ ಪೇಟೆಂಟ್ ಕೂಡ ಇತ್ತು. ಕೆಳಗಿನ ಕೋರ್ಟು ಅದನ್ನೂ ಗ್ಲಿಕೊ ವಿರುದ್ಧ ಲೆಕ್ಕಕ್ಕೆ ಹಿಡಿದಿತ್ತು. ಮೇಲ್ಮನವಿ ಕೋರ್ಟು, ಅದು ಮಾಡುವ ವಿಧಾನಕ್ಕೆ ಸಂಬಂಧಿಸಿದ್ದು, ಈ ಆಕಾರಕ್ಕಲ್ಲ, ಅದನ್ನು ಇಲ್ಲಿ ತರಬಾರದಿತ್ತು ಅಂತ ತಿದ್ದಿತು. ಗ್ಲಿಕೊಗೆ ಗೆದ್ದ ಹಾಗಾಯಿತು, ಪ್ರಯೋಜನ ಏನೂ ಆಗಲಿಲ್ಲ.

ಪೆಟ್ಟಿಗೆಯಲ್ಲಿ ಗ್ಲಿಕೊ ಗೆದ್ದದ್ದು

ಇದೇ ಎರಡು ಕಂಪನಿಗಳು ಅದೇ ಹೊತ್ತಿನಲ್ಲಿ ಕೊರಿಯಾದ ರಾಜಧಾನಿ ಸೋಲ್‌ನಲ್ಲೂ ಕೋರ್ಟು ಹತ್ತಿದ್ದವು. ಗ್ಲಿಕೊದಲ್ಲಿ ಬಾತೋಂ ದೋರ್ ಅಂತ ಒಂದು ದುಬಾರಿ ಸರಕು ಇದೆ. ಉಡುಗೊರೆ ಕೊಡುವ ಥರದ ಪೆಟ್ಟಿಗೆಯಲ್ಲಿ ಬರುವ ಕಡ್ಡಿಗಳು. ಲೋಟೆ ತಂದ ಪ್ರೀಮಿಯರ್ ಪೆಪೆರೊದ ಪೆಟ್ಟಿಗೆ ಅದಕ್ಕೆ ವಿಪರೀತ ಹತ್ತಿರವಾಗಿತ್ತು. ಗ್ಲಿಕೊ ದಾವೆ ಹಾಕಿತು. 2015ರಲ್ಲಿ ಸೋಲ್‌ನ ಕೋರ್ಟು, ತನ್ನದೇ ದೇಶದ ಕಂಪನಿಯ ವಿರುದ್ಧ, ಆ ಪೆಟ್ಟಿಗೆಯಲ್ಲಿ ಮಾಡುವುದನ್ನೂ ಮಾರುವುದನ್ನೂ ನಿಲ್ಲಿಸಿ, ಇರುವುದನ್ನು ನಾಶ ಮಾಡಿ ಅಂತ ಆದೇಶಿಸಿತು.

ಎರಡು ತೀರ್ಪನ್ನೂ ಒಟ್ಟಿಗೆ ಓದಿದರೆ ಚಿತ್ರ ಸ್ಪಷ್ಟ. ಕಡ್ಡಿ ಎಲ್ಲರದು, ಪೆಟ್ಟಿಗೆ ನಿಮ್ಮದು.

ನಮ್ಮಲ್ಲಿ ಇದೇ ಗೆರೆಯನ್ನು ಎಳೆದದ್ದು ಮೈಸೂರಿನ ಒಂದು ಬಿಸ್ಕತ್ತು ಕೇಸು. ಪಾರ್ಲೆ ಮತ್ತು ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ವ್ಯಾಜ್ಯ, 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು. ಪಾರ್ಲೆಯ ಗ್ಲೂಕೊ ಬಿಸ್ಕತ್ತಿನ ಹೊದಿಕೆಯ ಮೇಲೆ ಹಟ್ಟಿಯ ಚಿತ್ರ, ನಡುವೆ ನೀರಿನ ಪಾತ್ರೆ ಹಿಡಿದ ಹುಡುಗಿ, ಸುತ್ತ ಹಸು, ಕೋಳಿ. ಮೈಸೂರಿನ ಕಂಪನಿಯ ಹೊದಿಕೆಯಲ್ಲೂ ಹುಡುಗಿ, ಹಸು, ಕೋಳಿ. ಹುಡುಗಿಯ ತಲೆಯ ಮೇಲೆ ಮಾತ್ರ ಹುಲ್ಲಿನ ಹೊರೆ. ಕೆಳಗಿನ ಕೋರ್ಟುಗಳು ವ್ಯತ್ಯಾಸಗಳನ್ನು ಪಟ್ಟಿ ಮಾಡಿ ಪಾರ್ಲೆಯನ್ನು ವಾಪಸ್ ಕಳಿಸಿದ್ದವು. ಸುಪ್ರೀಂ ಕೋರ್ಟು ಎಷ್ಟು ಹಸು, ಎಷ್ಟು ಕೋಳಿ ಅಂತ ಎಣಿಸುವ ಗೋಜಿಗೆ ಹೋಗಲಿಲ್ಲ. ಇವತ್ತು ಒಂದು ಪೊಟ್ಟಣ ನೋಡಿದವನಿಗೆ ಇನ್ನೊಂದು ದಿನ ಇನ್ನೊಂದನ್ನು ತೋರಿಸಿದರೆ ಅದೇ ಇದು ಅಂದುಕೊಳ್ಳಬಹುದು ಅಂತ ಹೇಳಿ ಪಾರ್ಲೆಯನ್ನು ಗೆಲ್ಲಿಸಿತು. ಗ್ಲೂಕೋಸ್ ಬಿಸ್ಕತ್ತು ಮಾಡಬೇಡಿ ಅಂತ ಯಾರೂ ಹೇಳಲಿಲ್ಲ. ಪೊಟ್ಟಣ ಬದಲಿಸಿ ಅಂದರು, ಅಷ್ಟೇ.

ಹಾಗಾದರೆ ಪೈಪೋಟಿ ಎಲ್ಲಿ?

ಹೆಸರಿನಲ್ಲಿ, ಪೆಟ್ಟಿಗೆಯಲ್ಲಿ, ರುಚಿಯಲ್ಲಿ, ಮತ್ತೆ ತಾರೀಖಿನಲ್ಲಿ. ತಾರೀಖು ಅಂದರೆ ನವೆಂಬರ್ 11. 11/11 ಅಂತ ಬರೆದರೆ ನಾಲ್ಕು ಕಡ್ಡಿ ನಿಲ್ಲಿಸಿದ ಹಾಗೆ ಕಾಣುತ್ತದಲ್ಲ. 1990ರ ದಶಕದಲ್ಲಿ ಕೊರಿಯಾದ ದಕ್ಷಿಣ ಭಾಗದ ಶಾಲಾ ಹುಡುಗಿಯರು ಆ ದಿನ ಪೆಪೆರೊ ಹಂಚಿಕೊಳ್ಳುತ್ತಿದ್ದರಂತೆ, ತೆಳ್ಳಗಾಗಲಿ ಅಂತ ಹಾರೈಸುತ್ತಾ. ಚಾಕೊಲೇಟ್ ತಿಂದು ತೆಳ್ಳಗಾಗುವುದು ಹೇಗೋ! ಲೋಟೆ ಅದನ್ನು ಹಿಡಿದುಕೊಂಡು ಪೆಪೆರೊ ದಿನವನ್ನೇ ಬೆಳೆಸಿತು. ಗ್ಲಿಕೊ ಜಪಾನಿನಲ್ಲಿ ಪೊಕ್ಕಿ ದಿನ ಶುರು ಮಾಡಿದ್ದು 1999ರಲ್ಲಿ. ಚಕ್ರವರ್ತಿಯ ಆಳ್ವಿಕೆಯಿಂದ ವರ್ಷ ಎಣಿಸುವ ಅಲ್ಲಿನ ಹೇಸೆ ಪಂಚಾಂಗದಂತೆ ಅದು 11ನೇ ವರ್ಷ, ಹಾಗಾಗಿ 11/11/11. ಆಕಾರದಲ್ಲಿ ಲೋಟೆ ಹಿಂದೆ ಬಂದಿತ್ತು, ಹಬ್ಬದಲ್ಲಿ ಗ್ಲಿಕೊ.

ಹೆಸರಿನ ವಿಷಯಕ್ಕೆ ಬಂದರೆ, ಯೂರೋಪಿನಲ್ಲಿ ಇದೇ ಕಡ್ಡಿ 1982ರಿಂದ ಮಿಕಾಡೊ. ಮಲೇಷ್ಯಾದಲ್ಲಿ ಬಹಳ ಕಾಲ ರಾಕಿ. ಕಡ್ಡಿ ಒಂದೇ, ಊರಿಗೊಂದು ಹೆಸರು.

ಇನ್ನು ರುಚಿ. ನನ್ನ ನಾಲಿಗೆಯ ಮಾತು ಇದು, ನಿಮ್ಮದು ಬೇರೆ ಇರಬಹುದು. ಮಾಮೂಲಿ ಚಾಕೊಲೇಟ್ ಪೊಕ್ಕಿಯಲ್ಲಿ ಬಿಸ್ಕತ್ತು ಮುಂದೆ ನಿಲ್ಲುತ್ತದೆ. ಬೇಯಿಸಿದ ಗೋಧಿ, ಬೆಣ್ಣೆಯ ವಾಸನೆ, ಟಕ್ ಅಂತ ಮುರಿಯುವ ಗರಿಗರಿ. ಪೆಪೆರೊದಲ್ಲಿ ಸಿಹಿ ಒಂದು ಪಟ್ಟು ಜಾಸ್ತಿ, ಬಿಸ್ಕತ್ತು ಸ್ವಲ್ಪ ಸಪ್ಪೆ. ಬಾದಾಮಿ ಚೂರು ಇರುವುದರಲ್ಲಿ ನನ್ನ ವೋಟು ಪೆಪೆರೊಗೆ. ತೊಪ್ಪೊ ಸಿಕ್ಕರೆ ಎರಡನ್ನೂ ಬಿಟ್ಟು ಅದನ್ನೇ ತೆಗೆದುಕೊಳ್ಳುತ್ತೇನೆ.

ಬೆಂಗಳೂರಿನ ಅಂಗಡಿಯಲ್ಲಿ ಕೊಳ್ಳುವಾಗ ಬ್ರ್ಯಾಂಡ್‌ಗಿಂತ ಮುಖ್ಯ ಇನ್ನೆರಡು. ಒಂದು, ಎಲ್ಲಿ ತಯಾರಾದದ್ದು ಅಂತ ಪೆಟ್ಟಿಗೆಯ ಹಿಂದೆ ನೋಡಿ. ಗ್ಲಿಕೊಗೆ ಥಾಯ್ಲೆಂಡಿನಲ್ಲಿ 1970ರಿಂದಲೇ ಕಂಪನಿ ಇದೆ, ಅಲ್ಲಿಯ ಪೊಕ್ಕಿಗೂ ಜಪಾನಿನ ಪೊಕ್ಕಿಗೂ ರುಚಿ ಒಂದೇ ಇರುವುದಿಲ್ಲ. ಎರಡು, ಪೆಟ್ಟಿಗೆಯನ್ನು ಮೆಲ್ಲಗೆ ಅಲ್ಲಾಡಿಸಿ. ಕಡ್ಡಿಗಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಕೋಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ. ಏಪ್ರಿಲ್‌ನಲ್ಲಿ ಗೋದಾಮಿನಲ್ಲೋ ಡೆಲಿವರಿ ಬ್ಯಾಗಿನಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಐದಾರು ಕಡ್ಡಿ ಒಂದೇ ಕಟ್ಟಾಗಿ ಅಂಟಿಕೊಂಡಿರುತ್ತವೆ, ಮೇಲೆ ಬೂದಿ ಬಣ್ಣದ ಪದರ ಕಟ್ಟಿರುತ್ತದೆ. ಅದು ಬೂಷ್ಟಲ್ಲ, ಮೇಲೆ ಬಂದು ಕೂತ ಕೋಕೊ ಬೆಣ್ಣೆ. ತಿಂದರೆ ಏನೂ ಆಗುವುದಿಲ್ಲ, ಆದರೆ ಬಾಯಲ್ಲಿ ಮರಳು ಮರಳು.

ನಮ್ಮ ದೇಶದಲ್ಲಿ

ಲೋಟೆ ಭಾರತಕ್ಕೆ ಹೊಸಬನಲ್ಲ. 2004ರಲ್ಲಿ ಚೆನ್ನೈನ ಪ್ಯಾರೀಸ್ ಮಿಠಾಯಿ ಕಂಪನಿಯನ್ನು ಕೊಂಡುಕೊಂಡಿತು. ಚೋಕೊ ಪೈ ಇಲ್ಲೇ ತಯಾರಾಗುತ್ತದೆ. 2024ರ ಜನವರಿಯಲ್ಲಿ ಹರಿಯಾಣದ ರೋಹ್ಟಕ್ ಕಾರ್ಖಾನೆಯಲ್ಲಿ ಪೆಪೆರೊ ಮಾಡುವುದಾಗಿ ಘೋಷಿಸಿತು. ಕೊರಿಯಾದ ಹೊರಗೆ ಪೆಪೆರೊ ತಯಾರಿಸಲು ಅದು ಆರಿಸಿಕೊಂಡ ಮೊದಲ ಜಾಗ ಇದು.

ಗ್ಲಿಕೊಗೆ ತವರಿನಲ್ಲಿ ಒಂದು ಸಮಾಧಾನ ಸಿಕ್ಕಿದೆ. 2025ರಲ್ಲಿ ಜಪಾನಿನ ಪೇಟೆಂಟ್ ಕಚೇರಿ ಪೊಕ್ಕಿಯ ಆಕಾರವನ್ನೇ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿತು. ಹೆಸರು ತೋರಿಸದೆ ಬರೀ ಕಡ್ಡಿ ತೋರಿಸಿದರೂ ಅಲ್ಲಿನ ಜನ ಪೊಕ್ಕಿ ಅನ್ನುತ್ತಾರೆ ಅನ್ನುವ ಸಮೀಕ್ಷೆ ಅದಕ್ಕೆ ಆಧಾರ. ಅಮೆರಿಕದ ತೀರ್ಪಿನ ಪಕ್ಕ ಇಟ್ಟರೆ ಇದು ವಿಚಿತ್ರವಾಗಿ ಕಾಣುತ್ತದೆ.

ಆ ನೋಂದಣಿ ಇಲ್ಲಿ ನಡೆಯುವುದಿಲ್ಲ. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 9(3) ಮೂರು ಬಗೆಯ ಆಕಾರಗಳನ್ನು ನೋಂದಾಯಿಸಬಾರದು ಅನ್ನುತ್ತದೆ: ವಸ್ತುವಿನ ಗುಣದಿಂದಲೇ ಬರುವ ಆಕಾರ, ತಾಂತ್ರಿಕ ಫಲಕ್ಕಾಗಿ ಬೇಕೇ ಬೇಕಾದ ಆಕಾರ, ವಸ್ತುವಿಗೆ ಬೆಲೆ ತಂದುಕೊಡುವ ಆಕಾರ. ಬರಿ ತುದಿ ಎರಡನೆಯದಕ್ಕೆ ಸಿಕ್ಕಿಬೀಳುವ ಸಾಧ್ಯತೆಯೇ ಜಾಸ್ತಿ ಅಂತ ನನ್ನ ಎಣಿಕೆ. 2000ದ ಡಿಸೈನ್ ಕಾಯ್ದೆಯ ದಾರಿಯೂ ಮುಚ್ಚಿದೆ. ಅಲ್ಲಿ ರಕ್ಷಣೆ ಮೊದಲು 10 ವರ್ಷ, ಕೇಳಿದರೆ ಇನ್ನೂ 5. ಅದೂ ವಿನ್ಯಾಸ ಹೊಸದಾಗಿದ್ದರೆ. 1966ರಿಂದ ಜಗತ್ತೇ ತಿನ್ನುತ್ತಿರುವ ಕಡ್ಡಿ ಹೊಸದು ಹೇಗಾಗುತ್ತದೆ? ಆದ್ದರಿಂದ ತುಮಕೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಒಂದು ಬೇಕರಿ ನಾಳೆ ಚಾಕೊಲೇಟ್ ಕಡ್ಡಿ ಮಾಡಿ, ಹಿಡಿಯಲು ತುದಿ ಬಿಟ್ಟು, ತನ್ನದೇ ಹೆಸರಲ್ಲಿ ತನ್ನದೇ ಪೊಟ್ಟಣದಲ್ಲಿ ಮಾರಿದರೆ ತಡೆಯುವುದು ಕಷ್ಟ. ಕೆಂಪು ಪೆಟ್ಟಿಗೆ, ಅದರ ಮೇಲೆ ಓರೆಯಾಗಿ ನಿಂತ ಕಡ್ಡಿಗಳ ಚಿತ್ರ, ಪೊಕ್ಕಿಯ ಹಾಗೇ ಕೇಳಿಸುವ ಹೆಸರು, ಇಷ್ಟನ್ನೂ ಒಟ್ಟಿಗೆ ಹಾಕಿದರೆ ಮಾತ್ರ ವಕೀಲರು ಮೈಸೂರಿನ ಆ 1972ರ ತೀರ್ಪನ್ನು ತೆಗೆಯುತ್ತಾರೆ.